ತಟ್ಟೆಗೇ ಅಂಟಿಸಿದ ಗ್ರೋತ್ ಫ್ಯಾಕ್ಟರ್: ನಿಜವಾಗಿ ಹಣ ಉಳಿಯುತ್ತದೆಯೇ?

ಮಿನುಗು:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಮಾನವ ಕಾಂಡಕೋಶಗಳನ್ನು ಬೆಳೆಸುವುದು ನನ್ನ ಕೆಲಸ. ಇವಕ್ಕೆ ಎಫ್‌ಜಿಎಫ್-2 ಎಂಬ ಬೆಳವಣಿಗೆಯ ಪ್ರೋಟೀನ್ (ಗ್ರೋತ್ ಫ್ಯಾಕ್ಟರ್) ಇಲ್ಲದಿದ್ದರೆ ಆಗುವುದೇ ಇಲ್ಲ. ನಾವು ಬಳಸುವ ಇ8 ಮೀಡಿಯಂನಲ್ಲಿ, ಅಂದರೆ ಕೋಶಗಳಿಗೆ ಆಹಾರವಾಗುವ ದ್ರವದಲ್ಲಿ, ಅದು ಮಿಲಿಲೀಟರಿಗೆ 100 ನ್ಯಾನೊಗ್ರಾಂ ಇರುತ್ತದೆ. ಬೆಲೆ ಕೇಳಬೇಡಿ. ಸಾಲದ್ದಕ್ಕೆ 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಅದರ ಅರ್ಧದಷ್ಟು ಶಕ್ತಿ ಒಂದು ದಿನ ಕಳೆಯುವುದರೊಳಗೇ ಹೋಗಿರುತ್ತದೆ. ಆದ್ದರಿಂದ ದಿನವೂ ಮೀಡಿಯಂ ಬದಲಿಸಬೇಕು, ಭಾನುವಾರವೂ, ಹಬ್ಬದ ದಿನವೂ.

ನಮ್ಮ ಮೇಲಧಿಕಾರಿ ಹೊಸ ಉಪಾಯ ಹೇಳಿದ್ದಾರೆ: ಪ್ರೋಟೀನನ್ನು ಮೀಡಿಯಂಗೆ ಹಾಕುವ ಬದಲು ತಟ್ಟೆಯ ತಳಕ್ಕೆ ರಾಸಾಯನಿಕವಾಗಿ ಬಂಧಿಸಿಬಿಡುವುದು. ಒಮ್ಮೆ ಅಂಟಿಸಿದರೆ ಮುಗಿಯಿತು, ಖರ್ಚು ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ ಎನ್ನುವುದು ಅವರ ಲೆಕ್ಕ. ನನಗೆ ಎರಡು ಅನುಮಾನ. ತಳಕ್ಕೆ ಅಂಟಿಕೊಂಡಿರುವ ಪ್ರೋಟೀನನ್ನು ಕೋಶ ಒಳಗೆ ತೆಗೆದುಕೊಳ್ಳುವುದು ಹೇಗೆ? ಈ ಖರ್ಚಿನ ಲೆಕ್ಕ ಸರಿಯೇ? ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ.

ಪಿಪೆಟ್ ಪುರಾಣ:
ಒಳಗೆ ತೆಗೆದುಕೊಳ್ಳಬೇಕಾಗಿಯೇ ಇಲ್ಲ. ಗ್ರಾಹಕ, ಅಂದರೆ ಸಂಕೇತ ಹಿಡಿಯುವ ರಿಸೆಪ್ಟರ್, ಇರುವುದು ಕೋಶದ ಹೊರಪೊರೆಯ ಮೇಲೆ. ಪ್ರೋಟೀನ್ ಬಂದು ಅದನ್ನು ಮುಟ್ಟಿದರೆ ಎರಡು ಗ್ರಾಹಕಗಳು ಜೋಡಿಯಾಗುತ್ತವೆ, ಒಳಗಿನ ತುದಿಯಲ್ಲಿ ಫಾಸ್ಫೇಟ್ ಸೇರುತ್ತದೆ, ಸಂಕೇತ ಕೋಶಕೇಂದ್ರಕ್ಕೆ ಹೋಗುತ್ತದೆ. ಆಮೇಲೆ ಕೋಶ ಆ ಜೋಡಿಯನ್ನು ನುಂಗಿ ಜೀರ್ಣಿಸಿಕೊಳ್ಳುವುದು ಸಂಕೇತವನ್ನು ನಿಲ್ಲಿಸುವುದಕ್ಕೆ. ಅಂಟಿಸಿದ ಪ್ರೋಟೀನಿನಲ್ಲಿ ಲಾಭವಿರುವುದೇ ಅಲ್ಲಿ: ನುಂಗಲು ಬರುವುದಿಲ್ಲ, ಹಾಗಾಗಿ ಸಂಕೇತ ನಿಲ್ಲುವುದೂ ಇಲ್ಲ.

ಭಾನುವಾರದ ಮೀಡಿಯಂ ಬದಲಾವಣೆಗೆ ಬೇರೆಯೇ ಒಂದು ಚರ್ಚೆ ಬೇಕು. ನನ್ನ ಮದುವೆಯ ಮಾತುಕತೆಯೊಂದು ಅದರಿಂದಲೇ ಮುರಿದುಬಿದ್ದಿದೆ.

ಬೋಸ್ಟನ್ ಕನ್ನಡತಿ:
ಪುರಾಣದವರು ಹೇಳಿದ್ದು ಬಹುಮಟ್ಟಿಗೆ ಸರಿ, ಆದರೆ "ನುಂಗಿದ ಮೇಲೆ ಸಂಕೇತ ನಿಲ್ಲುತ್ತದೆ" ಎನ್ನುವುದು ಅರ್ಧ ಮಾತು. ಒಳಗೆ ಎಳೆದುಕೊಂಡ ಗ್ರಾಹಕ ಎಂಡೋಸೋಮ್ ಎಂಬ ಕೋಶದೊಳಗಿನ ಪುಟ್ಟ ಚೀಲದಿಂದಲೂ ಸ್ವಲ್ಪ ಹೊತ್ತು ಸಂಕೇತ ಕಳುಹಿಸುತ್ತಲೇ ಇರುತ್ತದೆ, ಮತ್ತು ಆ ಸಂಕೇತದ ಬಗೆಯೇ ಬೇರೆ. ಅಂದರೆ ಪ್ರೋಟೀನನ್ನು ಕಟ್ಟಿಹಾಕಿದಾಗ ಕೋಶ ಕೇಳುವ ಮಾತೇ ಬದಲಾಗಬಹುದು. ಮಿನುಗು ಅವರ ಮೇಲಧಿಕಾರಿ ಇದನ್ನು ಬರೀ ಮಿತವ್ಯಯದ ಉಪಾಯ ಎಂದುಕೊಂಡಿದ್ದರೆ ತೊಂದರೆ ಇಲ್ಲಿಂದಲೇ ಶುರುವಾಗುತ್ತದೆ.

ಈ ವಿಷಯದಲ್ಲಿ ಎಲ್ಲರೂ ಮೊದಲು ಓದುವುದು 1996ರ ಎಂಐಟಿಯ ಕೆಲಸವನ್ನು. ಲಿಂಡಾ ಗ್ರಿಫಿತ್ ಅವರ ಗುಂಪು ಇಜಿಎಫ್ ಎಂಬ ಇನ್ನೊಂದು ಬೆಳವಣಿಗೆಯ ಪ್ರೋಟೀನನ್ನು ಗಾಜಿನ ಮೇಲೆ ಬಂಧಿಸಿ, ಅದರ ಮೇಲೆ ಇಲಿಯ ಯಕೃತ್ತಿನ ಕೋಶಗಳನ್ನು ಬೆಳೆಸಿತು. ನಡುವೆ ಪಾಲಿಎಥಿಲೀನ್ ಆಕ್ಸೈಡಿನ ಉದ್ದನೆಯ, ಬಳುಕುವ ಸರಪಳಿ ಇತ್ತು. ಹಾಗೆ ಕಟ್ಟಿದ ಇಜಿಎಫ್, ದ್ರವದಲ್ಲಿ ಕರಗಿದ ಇಜಿಎಫ್‌ನಷ್ಟೇ ಚೆನ್ನಾಗಿ ಕೋಶಗಳ ಡಿಎನ್‌ಎ ತಯಾರಿಕೆಯನ್ನು ಎಬ್ಬಿಸಿತು. ಅದೇ ಪ್ರೋಟೀನನ್ನು ಸರಪಳಿಯಿಲ್ಲದೆ ಮೇಲ್ಮೈಗೆ ಸುಮ್ಮನೆ ಮೆತ್ತಿದಾಗ ಏನೂ ಆಗಲಿಲ್ಲ.

ಯಾಕೆ? ಗ್ರಾಹಕಗಳು ಎರಡೆರಡಾಗಿ ಕೂಡಬೇಕಲ್ಲ, ಪ್ರೋಟೀನ್ ಮಿಸುಕಾಡದಂತೆ ಬಿದ್ದಿದ್ದರೆ ಅವು ಒಂದರ ಬಳಿಗೆ ಒಂದು ಸರಿಯುವುದು ಹೇಗೆ? ಹಗ್ಗ ಕಟ್ಟಿದ ಹಸು ಹಗ್ಗದ ಉದ್ದದಷ್ಟೇ ಮೇಯುತ್ತದೆ. ಗೂಟಕ್ಕೆ ಮೂತಿ ತಾಗಿಸಿ ಕಟ್ಟಿದರೆ ಉಪವಾಸ.

ಸುಮ್ಮನೆ ಓದುಗ:
ಇಂಥ ತಳವನ್ನು ತಲೆಗೆ ಕವುಚಿಕೊಂಡರೆ ಕೂದಲು ಬೆಳೆಯುತ್ತದೆಯೇ? ಗಂಭೀರವಾಗಿಯೇ ಕೇಳುತ್ತಿದ್ದೇನೆ.

ಪಿಪೆಟ್ ಪುರಾಣ:
ಬೆಳೆಯುವುದಿಲ್ಲ. ಬೆಳೆಯುತ್ತಿದ್ದರೆ ನಾನು ಈ ಕೆಲಸದಲ್ಲಿ ಇರುತ್ತಿರಲಿಲ್ಲ.

ರಸಾಯನ ರಾಯ:
ರಸಾಯನಶಾಸ್ತ್ರದವನಾಗಿ ಎರಡು ಮಾತು ಹೇಳಲೇಬೇಕು. "ಬಂಧಿಸಿಬಿಡುವುದು" ಎಂದು ಹೇಳಿದಷ್ಟು ಸುಲಭವಲ್ಲ, ಯಾವ ತುದಿಯಿಂದ ಬಂಧಿಸಿದಿರಿ ಎನ್ನುವುದೇ ಎಲ್ಲ. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಇಡಿಸಿ ಮತ್ತು ಎನ್‌ಎಚ್‌ಎಸ್ ಎಂಬ ರಾಸಾಯನಿಕಗಳನ್ನು ಬಳಸಿ ಮೇಲ್ಮೈಯ ಕಾರ್ಬಾಕ್ಸಿಲ್ ಗುಂಪುಗಳನ್ನು ಚುರುಕುಗೊಳಿಸಿ, ಪ್ರೋಟೀನಿನ ಅಮೈನ್ ಗುಂಪನ್ನು ಹಿಡಿಯುವ ವಿಧಾನ. ಪ್ರೋಟೀನಿನಲ್ಲಿ ಅಮೈನ್ ಎಲ್ಲೆಲ್ಲಿದೆ? ಲೈಸಿನ್ ಎಂಬ ಅಮೈನೋ ಆಮ್ಲ ಇರುವಲ್ಲೆಲ್ಲ, ಮತ್ತು ಪ್ರೋಟೀನ್ ಸರಪಳಿಯ ಮೊದಲ ತುದಿಯಲ್ಲಿ.

ಇಲ್ಲಿ ಇಜಿಎಫ್‌ನ ಅದೃಷ್ಟ ನೋಡಿ. ಮನುಷ್ಯನದಾಗಲಿ ಚುಂಡಿಲಿಯದಾಗಲಿ 53 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ಅದು. ಚುಂಡಿಲಿಯ ಇಜಿಎಫ್‌ನಲ್ಲಿ ಲೈಸಿನ್ ಒಂದೂ ಇಲ್ಲ. ಆದ್ದರಿಂದ ಹಿಡಿಯಲು ಸಿಗುವುದು ಮೊದಲ ತುದಿ ಒಂದೇ, ಎಲ್ಲ ಅಣುಗಳೂ ಒಂದೇ ದಿಕ್ಕಿನಲ್ಲಿ ನಿಲ್ಲುತ್ತವೆ. ಮನುಷ್ಯನದರಲ್ಲಿ ಎರಡು ಲೈಸಿನ್ ಇವೆ, ಅಲ್ಲಿಗೆ ಆ ಶಿಸ್ತು ಹೋಯಿತು.

ಎಫ್‌ಜಿಎಫ್-2ರ ಕಥೆ ಇನ್ನೂ ಕೆಟ್ಟದ್ದು. ಅದರ ಮೈತುಂಬ ಲೈಸಿನ್. ಅವುಗಳಲ್ಲಿ ಹಲವು ಹೆಪಾರಿನ್ ಎಂಬ ಸಕ್ಕರೆಯ ಸರಪಳಿ ಕೂರುವ ಜಾಗದಲ್ಲಿಯೇ ಇವೆ, ಆ ಜಾಗವಿಲ್ಲದೆ ಗ್ರಾಹಕಕ್ಕೆ ಅದು ಸರಿಯಾಗಿ ಸೇರುವುದಿಲ್ಲ. ಕಣ್ಣುಮುಚ್ಚಿ ಅಮೈನ್ ಹಿಡಿದು ಬಂಧಿಸಿದರೆ ಬಹುಪಾಲು ಅಣುಗಳು ಹೆಣವಾಗಿರುತ್ತವೆ, ತಟ್ಟೆಯ ಮೇಲೆ ಪ್ರೋಟೀನ್ ಇದೆ ಎಂದು ಪರೀಕ್ಷೆ ಹೇಳುತ್ತದೆ, ಕೋಶ ಮಾತ್ರ ಇಲ್ಲ ಎನ್ನುತ್ತದೆ.

ಮಿನುಗು:
ಹಾಗಾದರೆ ಎಫ್‌ಜಿಎಫ್-2ಕ್ಕೆ ದಾರಿಯೇ ಇಲ್ಲವೇ ರಾಯರೇ?

ರಸಾಯನ ರಾಯ:
ಇದೆ. ಮೇಲ್ಮೈಗೆ ಹೆಪಾರಿನ್ ಅನ್ನು ಬಂಧಿಸಿ, ಎಫ್‌ಜಿಎಫ್-2 ಅನ್ನು ಅದರ ಮೇಲೆ ತಾನಾಗಿ ಕೂರಲು ಬಿಡಿ. ದೇಹದಲ್ಲಿಯೂ ಅದು ಹಾಗೆಯೇ ಇರುವುದು. ಕೋಶಗಳ ಹೊರಗಿನ ಜಾಲದಲ್ಲಿರುವ ಹೆಪರಾನ್ ಸಲ್ಫೇಟ್ ಅದನ್ನು ಹಿಡಿದಿಟ್ಟುಕೊಂಡು, ಬಿಸಿಯಿಂದಲೂ ಪ್ರೋಟೀನ್ ಕತ್ತರಿಸುವ ಕಿಣ್ವಗಳಿಂದಲೂ ಕಾಪಾಡುತ್ತದೆ. ಆದರೆ ಇದು ಗಟ್ಟಿ ಬಂಧವಲ್ಲ, ನಿಧಾನವಾಗಿ ಬಿಟ್ಟುಹೋಗುತ್ತದೆ.

ಕುಮುದಾ:
ರಸಾಯನ, ಹಗ್ಗ, ಹಸು ಎಲ್ಲ ಇರಲಿ. ಆ ಹುಡುಗಿ ಕೇಳಿದ ಎರಡನೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕೊಡುತ್ತೇನೆ, ಕಾಗದ ಪೆನ್ನು ತೆಗೆದುಕೊಳ್ಳಿ.

ಆರು ಗುಳಿಗಳ ತಟ್ಟೆ. ಒಂದು ಗುಳಿಗೆ 2 ಮಿಲಿಲೀಟರ್ ಮೀಡಿಯಂ, ಅಂದರೆ ದಿನಕ್ಕೆ 200 ನ್ಯಾನೊಗ್ರಾಂ ಎಫ್‌ಜಿಎಫ್-2. ನಾಲ್ಕು ದಿನಕ್ಕೊಮ್ಮೆ ಕೋಶಗಳನ್ನು ತಳದಿಂದ ಎಬ್ಬಿಸಿ ಹೊಸ ತಟ್ಟೆಗೆ ಹಾಕುತ್ತೀರಿ ಎಂದುಕೊಂಡರೆ, ಒಂದು ಸುತ್ತಿಗೆ 800 ನ್ಯಾನೊಗ್ರಾಂ.

ಈಗ ಅಂಟಿಸುವ ಲೆಕ್ಕ. ಅದೇ ಗುಳಿಗೆ 1 ಮಿಲಿಲೀಟರ್ ದ್ರಾವಣ ಹಾಕುತ್ತೀರಿ, ಮಿಲಿಲೀಟರಿಗೆ 1 ಮೈಕ್ರೊಗ್ರಾಂ ಎಂದೇ ಇಟ್ಟುಕೊಳ್ಳಿ. ಅಲ್ಲಿಗೇ 1000 ನ್ಯಾನೊಗ್ರಾಂ ಆಯಿತು. ಗುಳಿಯ ತಳ ಸುಮಾರು 9.5 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ 50 ನ್ಯಾನೊಗ್ರಾಂ ಅಂಟಿತು ಎಂದು ಧಾರಾಳವಾಗಿ ಹಿಡಿದರೂ 475. ಉಳಿದರ್ಧ ತೊಳೆದ ನೀರಿನೊಂದಿಗೆ ಸಿಂಕಿಗೆ. ಅಂಟಿದ್ದರಲ್ಲಿ ಜೀವವಿರುವುದು ಎಷ್ಟು ಎಂದು ರಾಯರೇ ಹೇಳಿದ್ದಾರೆ.

ನಾಲ್ಕನೆಯ ದಿನ ಏನಾಗುತ್ತದೆ? ಕೋಶಗಳು ಹೊಸ ತಟ್ಟೆಗೆ ಹೋಗುತ್ತವೆ, ಅಂಟಿಸಿದ ಪ್ರೋಟೀನ್ ಹಳೆಯ ತಟ್ಟೆಯ ಜೊತೆ ಕಸದ ಚೀಲಕ್ಕೆ ಹೋಗುತ್ತದೆ! ಹತ್ತರಲ್ಲಿ ಒಂದು ಭಾಗ ಅಂತೆ. ಉಳಿಯುವುದು ಮೇಲಧಿಕಾರಿಯ ಸ್ಲೈಡಿನಲ್ಲಿ ಮಾತ್ರ.

ಪಿಪೆಟ್ ಪುರಾಣ:
ಕುಮುದಾ ಮೇಡಂ, ಲೆಕ್ಕ ಖಾರವಾಗಿದೆ. ಆದರೆ ತಟ್ಟೆಯನ್ನು ಮತ್ತೆ ಬಳಸಬಾರದೇ? ಕೋಶಗಳನ್ನು ಎಬ್ಬಿಸಲು ಟ್ರಿಪ್ಸಿನ್ ಎಂಬ ಕಿಣ್ವ ಹಾಕಿದರೆ ಅಂಟಿಸಿದ ಪ್ರೋಟೀನೂ ತುಂಡಾಗುತ್ತದೆ, ನಿಜ. ಈ ಕಾಂಡಕೋಶಗಳನ್ನು ಎಬ್ಬಿಸುವುದು ಇಡಿಟಿಎಯಿಂದ. ಅದು ಕ್ಯಾಲ್ಸಿಯಂ ಕಸಿದುಕೊಳ್ಳುತ್ತದೆಯೇ ಹೊರತು ಪ್ರೋಟೀನನ್ನು ಮುಟ್ಟುವುದಿಲ್ಲ.

ಕುಮುದಾ:
ಕೋಶಗಳು ಹೋದ ಮೇಲೆ ತಳದಲ್ಲಿ ಅವುಗಳ ಕಸ, ಅವೇ ಸುರಿಸಿದ ಜಾಲ, ಬಿಟ್ಟುಹೋದ ಸತ್ತ ಕೋಶ ಎಲ್ಲ ಇರುತ್ತದೆ. ಅದರ ಮೇಲೆ ಮುಂದಿನ ಪೀಳಿಗೆಯನ್ನು ಬಿತ್ತಿ, "ಎರಡನೆಯ ಬಾರಿ ಬಳಸಿದ ತಟ್ಟೆ" ಎಂದು ದಾಖಲೆಯಲ್ಲಿ ಬರೆಯುವ ಧೈರ್ಯ ನಿಮಗಿದೆಯೇ? ರೋಗಿಗೆ ಕೊಡುವ ಕೋಶವಾಗಿದ್ದರೆ ತಪಾಸಣೆಗೆ ಬಂದವರು ಕಾಫಿಯನ್ನೂ ಕುಡಿಯದೆ ಎದ್ದು ಹೋಗುತ್ತಾರೆ.

ಮೂಳೆ ಡಾಕ್ಟರ್:
ಹಣ ಉಳಿಯದಿರಬಹುದು, ಆದರೆ ಅಂಟಿಸುವುದಕ್ಕೆ ಬೇರೆ ಕಾರಣಗಳಿವೆ. ನಾನು ಶಸ್ತ್ರಚಿಕಿತ್ಸಕ, ಲ್ಯಾಬಿನವನಲ್ಲ. ನಮ್ಮ ಕಡೆಯ ಒಂದು ಉದಾಹರಣೆ ಹೇಳುತ್ತೇನೆ.

ಬಿಎಂಪಿ-2 ಎಂಬ ಮೂಳೆ ಬೆಳೆಸುವ ಪ್ರೋಟೀನ್‌ಗೆ 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಸೊಂಟದ ಕಶೇರುಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಗೆ. ಮಿಲಿಲೀಟರಿಗೆ 1.5 ಮಿಲಿಗ್ರಾಂ ಇರುವ ದ್ರಾವಣದಲ್ಲಿ ಕೊಲಾಜೆನ್ ಸ್ಪಂಜನ್ನು ನೆನೆಸಿ ಇಡುವುದು. ನೀವು ನ್ಯಾನೊಗ್ರಾಂ ಎನ್ನುತ್ತಿದ್ದೀರಿ, ಇದು ಮಿಲಿಗ್ರಾಂ, ಹತ್ತು ಲಕ್ಷ ಪಟ್ಟು ದೊಡ್ಡ ಘಟಕ. ಅಷ್ಟು ಏಕೆ ಬೇಕು? ಸ್ಪಂಜು ಅದನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ, ಸೋರಿಹೋಗುತ್ತದೆ. ಸೋರಿದ್ದು ಸುಮ್ಮನಿರುತ್ತದೆಯೇ? ಬೇಡದ ಜಾಗದಲ್ಲಿ ಮೂಳೆ ಎಬ್ಬಿಸುತ್ತದೆ. ಒಪ್ಪಿಗೆಯಿಲ್ಲದ ಕುತ್ತಿಗೆಯ ಶಸ್ತ್ರಚಿಕಿತ್ಸೆಯಲ್ಲಿ ಬಳಸಿದಾಗ ಗಂಟಲು ಊದಿ ಉಸಿರಾಟಕ್ಕೇ ಕುತ್ತು ಬಂದ ಪ್ರಕರಣಗಳಿಂದಾಗಿ 2008ರಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು.

ಇಲ್ಲಿ ಪ್ರೋಟೀನ್ ಇಟ್ಟ ಜಾಗ ಬಿಟ್ಟು ಕದಲದಂತೆ ಮಾಡಿದರೆ ರೋಗಿ ಉಳಿಯುತ್ತಾನೆ. ಕುಮುದಾ ಅವರ ಕಾಗದ ಪೆನ್ನಿನ ಲೆಕ್ಕದಲ್ಲಿ ಇದಕ್ಕೆ ಜಾಗವಿಲ್ಲ.

ಕುಮುದಾ:
ಡಾಕ್ಟರೇ, ಪ್ರಶ್ನೆ ತಟ್ಟೆಯ ಬಗ್ಗೆ ಇತ್ತು, ಬೆನ್ನುಮೂಳೆಯ ಬಗ್ಗೆ ಅಲ್ಲ. ದೇಹದೊಳಗೆ ಇಡುವುದಕ್ಕೆ ಅಂಟಿಸಬೇಕು ಎನ್ನುವುದನ್ನು ನಾನು ಎಲ್ಲಿ ಅಲ್ಲಗಳೆದೆ?

ಧಾರವಾಡ ಪೇಡೆ:
ನಡುವೆ ಬಾಯಿ ಹಾಕುತ್ತಿದ್ದೇನೆ. ಲ್ಯಾಬಿನಲ್ಲಿ ಮಾಂಸ ಬೆಳೆಸುವವರಿಗೂ ಇದೇ ತಲೆನೋವಲ್ಲವೇ? 2013ರಲ್ಲಿ ಲಂಡನ್ನಿನಲ್ಲಿ ಮಾರ್ಕ್ ಪೋಸ್ಟ್ ಅವರ ತಂಡ ತೋರಿಸಿದ ಬರ್ಗರಿಗೆ ಸುಮಾರು ಎರಡೂವರೆ ಲಕ್ಷ ಯೂರೋ ಖರ್ಚಾಗಿತ್ತು. 2020ರ ಕೊನೆಗೆ ಸಿಂಗಪುರ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಆದರೂ ಬೆಲೆ ಮಾಮೂಲಿ ಮಾಂಸದ ಹತ್ತಿರಕ್ಕೆ ಬಂದಿಲ್ಲ, ಈ ಬೆಳವಣಿಗೆಯ ಪ್ರೋಟೀನುಗಳೇ ಮುಖ್ಯ ಕಾರಣಗಳಲ್ಲಿ ಒಂದು ಎಂದು ಓದಿದ್ದೇನೆ.

ಸುಮ್ಮನೆ ಓದುಗ:
ಪ್ರಾಣಿಯನ್ನು ಕೊಲ್ಲದೆ ಮಾಡಿದ ಮಾಂಸವನ್ನು ಸಸ್ಯಾಹಾರಿಗಳು ತಿನ್ನಬಹುದೇ?

ಧಾರವಾಡ ಪೇಡೆ:
ನಮ್ಮ ಅಜ್ಜಿಯನ್ನು ಕೇಳಿದೆ. "ಬೆಳ್ಳುಳ್ಳಿಯನ್ನೇ ಒಳಗೆ ಬಿಟ್ಟಿಲ್ಲ" ಎಂದರು.

ಪಿಪೆಟ್ ಪುರಾಣ:
ಕೊಲ್ಲದೆ ಎಂದು ಯಾರು ಹೇಳಿದರು? ಕೋಶಗಳಿಗೆ ಹಾಕುವ ಹಳೆಯ ಕಾಲದ ಸೀರಮ್ ಬರುವುದು ಗರ್ಭದಲ್ಲಿರುವ ಕರುವಿನ ರಕ್ತದಿಂದ. ಆ ಮೊದಲ ಬರ್ಗರಿನ ಕೋಶಗಳು ಬೆಳೆದದ್ದೂ ಅದರಲ್ಲಿಯೇ. ಅದನ್ನು ಬಿಡಬೇಕೆಂದೇ ಶುದ್ಧ ಪ್ರೋಟೀನುಗಳ ಕಡೆಗೆ ಹೋಗಿರುವುದು, ಹೋದದ್ದಕ್ಕೇ ಖರ್ಚು.

ನಿರ್ವಾಹಕ:
ಮಾಂಸದ ಚರ್ಚೆ ಬಿಸಿ ಏರುವ ಮೊದಲೇ ಅದಕ್ಕೆ ಬೇರೆ ಜಾಗ ಮಾಡಿಕೊಟ್ಟಿದ್ದೇನೆ. ಇಲ್ಲಿ ತಟ್ಟೆ, ಪ್ರೋಟೀನ್, ಕೋಶ ಮಾತ್ರ.

ಬೋಸ್ಟನ್ ಕನ್ನಡತಿ:
ಕುಮುದಾ ಅವರ ಲೆಕ್ಕವನ್ನು ನಾನು ಪೂರ್ತಿ ಒಪ್ಪುತ್ತೇನೆ, ಅದರಿಂದ ಅವರು ತೆಗೆಯುತ್ತಿರುವ ತೀರ್ಮಾನವನ್ನು ಒಪ್ಪುವುದಿಲ್ಲ. ಅಂಟಿಸುವುದು ಬೇಕಾಗುವುದು ಉಳಿತಾಯಕ್ಕಲ್ಲ. ಅಂಟಿಸದೆ ಕೆಲಸವೇ ಆಗದ ಪ್ರೋಟೀನುಗಳಿವೆ.

ನಾಚ್ ಗ್ರಾಹಕವನ್ನು ತೆಗೆದುಕೊಳ್ಳಿ. ಅದರ ಜೊತೆಗಾರ ಡೆಲ್ಟಾ, ದೇಹದಲ್ಲಿ ಪಕ್ಕದ ಕೋಶದ ಪೊರೆಗೆ ನೆಟ್ಟುಕೊಂಡೇ ಇರುತ್ತದೆ. ಗ್ರಾಹಕವನ್ನು ಹಿಡಿದು ಎಳೆದಾಗಲೇ ಸಂಕೇತ ಹುಟ್ಟುವುದು. ದ್ರವದಲ್ಲಿ ತೇಲುವ ಡೆಲ್ಟಾ ಎಳೆಯುವುದೆಲ್ಲಿಂದ ಬಂತು? ಆದ್ದರಿಂದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕೇಂದ್ರದವರು ಡೆಲ್ಟಾವನ್ನು ತಳಕ್ಕೆ ಕೂರಿಸಿ, ಅದರ ಮೇಲೆ ಹೊಕ್ಕುಳಬಳ್ಳಿಯ ರಕ್ತದ ಕಾಂಡಕೋಶಗಳನ್ನು ಹೆಚ್ಚಿಸಿದರು. 2010ರಲ್ಲಿ ಅದನ್ನು ರಕ್ತಕ್ಯಾನ್ಸರಿನ ರೋಗಿಗಳಿಗೆ ಕೊಟ್ಟದ್ದರ ವರದಿ ಬಂತು. ಬಿಳಿ ರಕ್ತಕಣಗಳು ಚೇತರಿಸಿಕೊಳ್ಳಲು ಮಾಮೂಲಿಗಿಂತ ಕಡಿಮೆ ದಿನ ಸಾಕಾಯಿತು.

ಇಲಿಗಳಲ್ಲಿ ಸ್ಟೆಮ್ ಸೆಲ್ ಫ್ಯಾಕ್ಟರ್ ಎಂಬ ಪ್ರೋಟೀನ್ ಎರಡು ರೂಪದಲ್ಲಿರುತ್ತದೆ: ಪೊರೆಗೆ ಅಂಟಿಕೊಂಡದ್ದು, ಕರಗಿ ಹರಿಯುವುದು. ಕರಗುವ ರೂಪ ಮಾತ್ರ ತಯಾರಾಗುವ ಒಂದು ತಳಿ ಇದೆ. ಆ ಇಲಿಗಳಿಗೆ ರಕ್ತಹೀನತೆ, ಮರಿಯೂ ಆಗುವುದಿಲ್ಲ. ಅಂದರೆ ಅಂಟಿಸುವ ಉಪಾಯವನ್ನು ಎಂಐಟಿಯವರು ಕಂಡುಹಿಡಿದದ್ದಲ್ಲ, ಪ್ರಾಣಿಗಳ ಮೈಯಲ್ಲಿ ಅದು ಮೊದಲಿನಿಂದಲೂ ಇದೆ.

ಪಿಪೆಟ್ ಪುರಾಣ:
ರೋಗಿಯ ರೋಗನಿರೋಧಕ ಟಿ ಕೋಶಗಳನ್ನೇ ಮಾರ್ಪಡಿಸಿ ಕ್ಯಾನ್ಸರಿನ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಯಲ್ಲಿ ಆ ಕೋಶಗಳನ್ನು ಹೆಚ್ಚಿಸಲು ಆಂಟಿಬಾಡಿ ಅಂಟಿಸಿದ ಕಾಂತೀಯ ಮಣಿಗಳನ್ನು ಬಳಸುವುದೂ ಇದೇ ಜಾತಿಯ ಕೆಲಸ ತಾನೇ?

ಬೋಸ್ಟನ್ ಕನ್ನಡತಿ:
ಜಾತಿ ಒಂದೇ, ಗೋತ್ರ ಬೇರೆ. ಅಲ್ಲಿ ಅಂಟಿಸಿರುವುದು ಬೆಳವಣಿಗೆಯ ಪ್ರೋಟೀನಲ್ಲ, ಟಿ ಕೋಶದ ಮೇಲಿರುವ ಸಿಡಿ3 ಮತ್ತು ಸಿಡಿ28 ಎಂಬ ಪ್ರೋಟೀನುಗಳನ್ನು ಹಿಡಿಯುವ ಆಂಟಿಬಾಡಿಗಳು. ಬೆಳವಣಿಗೆಗೆ ಇಂಟರ್‌ಲ್ಯೂಕಿನ್ ಅನ್ನು ಮೀಡಿಯಂನಲ್ಲಿಯೇ ಕೊಡುತ್ತಾರೆ.

ಹಳೆಯ ಪೋಸ್ಟ್‌ಡಾಕ್:
ಇಷ್ಟು ಹೊತ್ತಾದರೂ ಒಬ್ಬರೂ ಲ್ಯಾಬಿನ ತಟ್ಟೆಯಲ್ಲಿನ ಸೋರಿಕೆಯ ವಿಷಯ ಎತ್ತಿಲ್ಲ, ಆಶ್ಚರ್ಯ. ಈ ಕ್ಷೇತ್ರದ ಅರ್ಧ ಜಗಳ ಇರುವುದೇ ಅಲ್ಲಿ.

ನಾನು ಹಿಂದೆ ಇದ್ದ ಒಂದು ಲ್ಯಾಬಿನಲ್ಲಿ, ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನ್ ಅಂಟಿಸಿದ ಜೆಲ್ಲಿನ ಮೇಲೆ ರಕ್ತನಾಳದ ಕೋಶಗಳು ಅಮೋಘವಾಗಿ ಬೆಳೆದವು. ಚಿತ್ರಗಳು ಪೋಸ್ಟರಿಗೆ ಹೋದವು, ಮುಖ್ಯಸ್ಥರು ಸಿಹಿ ಹಂಚಿದರು. ಆಮೇಲೆ ಒಬ್ಬ ಪರಿಶೀಲಕರು ಒಂದೇ ಸಾಲು ಬರೆದರು: ಕೋಶಗಳಿಲ್ಲದ ಜೆಲ್ಲಿನ ಮೇಲೆ ಮೀಡಿಯಂ ಬಿಟ್ಟು, ಆ ಮೀಡಿಯಂ ಅನ್ನು ಸಾದಾ ತಟ್ಟೆಯ ಕೋಶಗಳಿಗೆ ಹಾಕಿ ನೋಡಿ. ಹಾಕಿದಾಗ ಅವೂ ಅಷ್ಟೇ ಚೆನ್ನಾಗಿ ಬೆಳೆದವು. ಅಂದರೆ ಕೆಲಸ ಮಾಡಿದ್ದು ಬಂಧಿತ ಪ್ರೋಟೀನಲ್ಲ, ಸರಿಯಾಗಿ ತೊಳೆಯದೆ ಉಳಿದು ಸೋರುತ್ತಿದ್ದದ್ದು. ಸಿಹಿ ಅಷ್ಟರಲ್ಲಿ ಖರ್ಚಾಗಿತ್ತು.

ಜಪಾನಿನ ಯೋಶಿಹಿರೋ ಇತೋ ಅವರ ಗುಂಪು 1990ರ ದಶಕದಲ್ಲಿಯೇ ಇದಕ್ಕೆ ಚೊಕ್ಕ ಉತ್ತರ ಕಂಡುಕೊಂಡಿತ್ತು. ಇಜಿಎಫ್ ಅನ್ನು ಬೆಳಕಿನ ಸಹಾಯದಿಂದ ಪಟ್ಟೆಪಟ್ಟೆಯಾಗಿ ಬಂಧಿಸುವುದು. ಪಟ್ಟೆಯ ಮೇಲೆ ಕೂತ ಕೋಶಗಳಲ್ಲಿ ಮಾತ್ರ ಸಂಕೇತ ಕಂಡು, ಪಕ್ಕದ ಖಾಲಿ ಪಟ್ಟೆಯವು ಸುಮ್ಮನಿದ್ದರೆ ಬಂಧಿತ ಪ್ರೋಟೀನೇ ಕಾರಣ. ಸೋರಿದ್ದಾಗಿದ್ದರೆ ಎರಡೂ ಕಡೆ ಕಾಣಬೇಕಿತ್ತು. ಇಂಥ ಪರೀಕ್ಷೆ ಇಲ್ಲದ ಯಾವ ಪ್ರಬಂಧವನ್ನೂ ನಾನು ಕೊನೆಯ ಪುಟದವರೆಗೆ ಓದುವುದಿಲ್ಲ.

ರಸಾಯನ ರಾಯ:
ಒಪ್ಪಿದೆ. ಎಷ್ಟು ಅಂಟಿತು ಎಂದು ತಿಳಿಯಲು ಹಾಕಿದ್ದರಿಂದ ತೊಳೆದದ್ದನ್ನು ಕಳೆಯುವವರನ್ನೂ ನಂಬಬೇಡಿ. ಕೊಳವೆಯ ಗೋಡೆಗೆ, ಪಿಪೆಟ್ ತುದಿಗೆ ಮೆತ್ತಿಕೊಂಡದ್ದೆಲ್ಲ "ತಳಕ್ಕೆ ಅಂಟಿದ್ದು" ಎಂದು ಲೆಕ್ಕಕ್ಕೆ ಸೇರಿಬಿಡುತ್ತದೆ.

ಮಿನುಗು:
ಎಲ್ಲರಿಗೂ ತುಂಬ ಧನ್ಯವಾದ. ಕುಮುದಾ ಮೇಡಂ ಅವರ ಲೆಕ್ಕವನ್ನು ಇಂದಿನ ಸಭೆಯಲ್ಲಿ ಮುಂದಿಟ್ಟೆ. ಮೇಲಧಿಕಾರಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಾಗಾದರೆ ನಿಮ್ಮ ಸಲಹೆ ಏನು" ಎಂದರು. ನನ್ನ ಬಳಿ ಸಲಹೆ ಇರಲಿಲ್ಲ.

ಕುಮುದಾ:
ಸಲಹೆ ಇದೆ, ಬರೆದುಕೊಳ್ಳಮ್ಮ. ನಿಮ್ಮ ನಿಜವಾದ ಕಷ್ಟ ಪ್ರೋಟೀನ್ ತೇಲುತ್ತಿದೆ ಎನ್ನುವುದಲ್ಲ, ಬೇಗ ಸಾಯುತ್ತಿದೆ ಎನ್ನುವುದು. ಹಾಗಿದ್ದರೆ ಸಾಯದ ಪ್ರೋಟೀನ್ ಕೊಳ್ಳಿ. ಜೆಕ್ ಗಣರಾಜ್ಯದವರು ಕೆಲವು ಅಮೈನೋ ಆಮ್ಲಗಳನ್ನು ಬದಲಿಸಿ ಶಾಖಕ್ಕೆ ಬಗ್ಗದ ಎಫ್‌ಜಿಎಫ್-2 ಮಾಡಿದ್ದಾರೆ. 37 ಡಿಗ್ರಿಯಲ್ಲಿ ಮಾಮೂಲಿಯದರ ಅರ್ಧಾಯುಷ್ಯ ಕೆಲವೇ ಗಂಟೆ, ಅವರದರದ್ದು 20 ದಿನಕ್ಕೂ ಹೆಚ್ಚು. ತಟ್ಟೆ ಬದಲಿಸಬೇಕಿಲ್ಲ, ರಸಾಯನ ಕಲಿಯಬೇಕಿಲ್ಲ, ಭಾನುವಾರ ಮನೆಯಲ್ಲಿರಬಹುದು.

ಪಿಪೆಟ್ ಪುರಾಣ:
ಪ್ರೋಟೀನ್ ಉಳಿದರೂ ಕೋಶಗಳು ತಿಂದು ಬಿಟ್ಟ ಲ್ಯಾಕ್ಟಿಕ್ ಆಮ್ಲ ಎಲ್ಲಿ ಹೋಗುತ್ತದೆ ಮೇಡಂ? ತಟ್ಟೆ ತುಂಬಿ ಬಂದಾಗ ಮೀಡಿಯಂ ಹಳದಿಯಾಗುತ್ತದೆ, ಬದಲಿಸಲೇಬೇಕು. ಶನಿವಾರ ಸಂಜೆ ದುಪ್ಪಟ್ಟು ಮೀಡಿಯಂ ಹಾಕಿ ಹೋಗುವುದು ಸರಿ, ಎಲ್ಲ ದಿನಕ್ಕೂ ಅದೇ ಉಪಾಯ ನಡೆಯುವುದಿಲ್ಲ.

ಕುಮುದಾ:
ಎಲ್ಲ ದಿನಕ್ಕೂ ಎಂದು ನಾನು ಹೇಳಲಿಲ್ಲ, ಭಾನುವಾರ ಎಂದೆ. ಓದಿ.

ಬೋಸ್ಟನ್ ಕನ್ನಡತಿ:
ನಿಮ್ಮ ಕಾಂಡಕೋಶಗಳಿಗೆ ಕುಮುದಾ ಅವರ ದಾರಿಯೇ ಸರಿ. ಆದರೆ ಮುಂದೆ ಯಾವತ್ತಾದರೂ ಗಾಯಕ್ಕೆ ಇಡುವ ಪಟ್ಟಿಯನ್ನೋ ಮೂಳೆಗೆ ಇಡುವ ಹಂದರವನ್ನೋ ಮಾಡುವುದಾದರೆ ಅಂಟಿಸುವುದಕ್ಕೆ ಮರಳಿ ಬನ್ನಿ. 2007ರಲ್ಲಿ ಗ್ರಿಫಿತ್ ಅವರ ಗುಂಪೇ ತೋರಿಸಿತು: ಉರಿಯೂತದ ಜಾಗದಲ್ಲಿ ಕೋಶಗಳನ್ನು ಕೊಲ್ಲುವ ಫ್ಯಾಸ್ ಲಿಗ್ಯಾಂಡ್ ಎಂಬ ಸಂಕೇತದಿಂದ ಮೂಳೆಮಜ್ಜೆಯ ಕಾಂಡಕೋಶಗಳನ್ನು ಬಂಧಿತ ಇಜಿಎಫ್ ಕಾಪಾಡಿತು, ಕರಗಿದ ಇಜಿಎಫ್ ಅನ್ನು ಎಷ್ಟು ಸುರಿದರೂ ಕಾಪಾಡಲಿಲ್ಲ.

ಮೂಳೆ ಡಾಕ್ಟರ್:
ನಾನು ಹೇಳಿದ್ದೂ ಅದನ್ನೇ, ಯಾರೂ ಕೇಳಲಿಲ್ಲ.

ಸುಮ್ಮನೆ ಓದುಗ:
ಈ ಇಜಿಎಫ್ ಅನ್ನು ಮೊದಲು ಕಂಡುಹಿಡಿದವರು ಯಾರು? ಹೆಸರು ಎಲ್ಲರ ಬಾಯಲ್ಲೂ ಇದೆ, ಕಥೆ ಯಾರೂ ಹೇಳಲಿಲ್ಲ.

ಹಳೆಯ ಪೋಸ್ಟ್‌ಡಾಕ್:
ಸ್ಟ್ಯಾನ್ಲಿ ಕೋಹೆನ್. ಗಂಡು ಚುಂಡಿಲಿಯ ಲಾಲಾಗ್ರಂಥಿಯ ರಸವನ್ನು ಆಗ ತಾನೇ ಹುಟ್ಟಿದ ಮರಿಗಳಿಗೆ ಚುಚ್ಚಿದಾಗ ಅವು ಬೇಗ ಕಣ್ಣು ಬಿಟ್ಟವು, ಹಲ್ಲೂ ಬೇಗ ಬಂತು. ಅದರ ಬೆನ್ನು ಹತ್ತಿ ಇಜಿಎಫ್ ಸಿಕ್ಕಿತು. 1986ರಲ್ಲಿ ರೀಟಾ ಲೆವಿ-ಮೊಂಟಾಲ್ಚೀನಿ ಅವರ ಜೊತೆ ನೊಬೆಲ್ ಬಂತು.

ಮಿನುಗು:
ಶಾಖ ತಾಳುವ ಎಫ್‌ಜಿಎಫ್-2ಕ್ಕೆ ದರಪಟ್ಟಿ ಕೇಳಿದ್ದೇನೆ. ಮೇಲಧಿಕಾರಿ ಮಾತ್ರ ಸಣ್ಣದೊಂದು ಪ್ರಯೋಗವಾಗಿ ಅಂಟಿಸುವುದನ್ನೂ ನೋಡೋಣ ಎನ್ನುತ್ತಿದ್ದಾರೆ, ಇಜಿಎಫ್‌ನಿಂದ ಶುರುಮಾಡಿ. ಇಡಿಸಿ ವಿಧಾನಕ್ಕೆ ಲ್ಯಾಬಿನಲ್ಲಿರುವ ಟ್ರಿಸ್ ಬಫರ್ ಆಗುತ್ತದೆಯೇ ರಾಯರೇ?

ರಸಾಯನ ರಾಯ:
ಖಂಡಿತ ಬೇಡ! ಟ್ರಿಸ್‌ನಲ್ಲಿಯೇ ಅಮೈನ್ ಇದೆ, ಪ್ರೋಟೀನಿನ ಬದಲು ಅದೇ ಹೋಗಿ ತಳಕ್ಕೆ ಕೂರುತ್ತದೆ. ಚುರುಕುಗೊಳಿಸುವಾಗ ಎಂಇಎಸ್ ಬಫರ್, ಸುಮಾರು ಪಿಎಚ್ 6ರ ಆಸುಪಾಸು, ಪ್ರೋಟೀನ್ ಸೇರಿಸುವಾಗ ಫಾಸ್ಫೇಟ್ ಬಫರ್. ಎಲ್ಲ ಮುಗಿದ ಮೇಲೆ, ಉಳಿದ ಖಾಲಿ ಜಾಗ ಮುಚ್ಚಲು ಬೇಕಾದರೆ ಟ್ರಿಸ್ ಹಾಕಿ. ದ್ರಾವಣಗಳನ್ನು ಸೋಸಿ, ಕೆಲಸವನ್ನು ಹುಡ್‌ನೊಳಗೇ ಮಾಡಿ. ಪ್ರೋಟೀನ್ ಕೂತ ತಟ್ಟೆಯನ್ನು ಬಿಸಿಹಬೆಯ ಆಟೋಕ್ಲೇವ್‌ಗೆ ಹಾಕಲು ಬರುವುದಿಲ್ಲ ಎನ್ನುವುದನ್ನು ನಿಮ್ಮ ಮೇಲಧಿಕಾರಿಗೆ ಮೊದಲೇ ಹೇಳಿಬಿಡಿ.